ವಿಮಾನ ದುರಸ್ತಿಯ ಕೈಪಿಡಿಗೆ ಭಾಷೆಯ ಅಳತೆಗೋಲು: ಎಎಸ್‌ಡಿ-ಎಸ್‌ಟಿಇ100 ಮಾನಕದ ವಿಮರ್ಶೆ

ವಿಮಾನಗಳ ನಿರ್ವಹಣೆಗೆ ಬೇಕಾದ ಕೈಪಿಡಿ, ಟಾಸ್ಕ್ ಕಾರ್ಡ್ (ಕೆಲಸದ ಹಂತಗಳ ಪಟ್ಟಿ) ಮತ್ತು ತಯಾರಕರು ಕಳುಹಿಸುವ ತಿದ್ದುಪಡಿ ಸೂಚನೆಗಳಾದ ಸರ್ವಿಸ್ ಬುಲೆಟಿನ್‌ಗಳನ್ನು ಎಂತಹ ಇಂಗ್ಲಿಷಿನಲ್ಲಿ ಬರೆಯಬೇಕು ಎಂಬುದನ್ನು ನಿಗದಿಪಡಿಸುವ ಮಾನಕಕ್ಕೆ ಎಎಸ್‌ಡಿ-ಎಸ್‌ಟಿಇ100 ಎಂದು ಹೆಸರು. ಎಸ್‌ಟಿಇ ಎಂದರೆ ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್, ಅಂದರೆ ಸರಳೀಕೃತ ತಾಂತ್ರಿಕ ಇಂಗ್ಲಿಷ್. ಯುರೋಪಿನ ವೈಮಾನಿಕ ಮತ್ತು ರಕ್ಷಣಾ ಉದ್ಯಮಗಳ ಒಕ್ಕೂಟವಾದ ಎಎಸ್‌ಡಿ ಇದನ್ನು ಪ್ರಕಟಿಸುತ್ತದೆ. ಇದರ 9ನೇ ಆವೃತ್ತಿ 2025ರ ಜನವರಿಯಲ್ಲಿ ಹೊರಬಂದಿದ್ದು, ಕೋರಿಕೆ ಸಲ್ಲಿಸಿದವರಿಗೆ ಪ್ರತಿಯು ಉಚಿತವಾಗಿ ಸಿಗುತ್ತದೆ. ಬೆಂಗಳೂರಿನಲ್ಲಿ ಕುಳಿತು ವಿಮಾನ ತಯಾರಕರಿಗೂ ಬಿಡಿಭಾಗ ತಯಾರಕರಿಗೂ ತಾಂತ್ರಿಕ ಕೈಪಿಡಿ ಸಿದ್ಧಪಡಿಸುವ ಬರಹಗಾರರಿದ್ದಾರೆ. ಅಂತಹ ಕೈಪಿಡಿಯನ್ನು ಹ್ಯಾಂಗರ್‌ನಲ್ಲಿ ತೆರೆದಿಟ್ಟುಕೊಂಡು ಕೆಲಸ ಮಾಡುವ ಎಂಜಿನಿಯರ್‌ಗಳೂ ಇದೇ ಊರಿನಲ್ಲಿದ್ದಾರೆ. ಈ ಇಬ್ಬರಿಗೂ ಮಾನಕ ಎಷ್ಟು ಉಪಯುಕ್ತ, ಅದನ್ನು ಎಲ್ಲಿಯವರೆಗೆ ನಂಬಬಹುದು ಎಂಬುದನ್ನು ಪರಿಶೀಲಿಸುವುದು ಈ ಬರಹದ ಉದ್ದೇಶ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಸೂಚನೆಯನ್ನು ಎರಡು ಬಗೆಯಾಗಿ ಓದಲು ಆಗದಂತೆ ಕಟ್ಟುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಆದರೆ ನಾನು ಓದಿದ ತನಿಖಾ ವರದಿಗಳಲ್ಲಿ ಪ್ರಾಣಕ್ಕೆ ಎರವಾದ ಅಸ್ಪಷ್ಟತೆ ಹೆಚ್ಚಾಗಿ ಒಂದು ವಾಕ್ಯದ ಒಳಗಿರದೆ, ಒಂದು ವಾಕ್ಯಕ್ಕೂ ಮುಂದಿನದಕ್ಕೂ ನಡುವೆ ಇತ್ತು. ಅಲ್ಲಿಗೆ ಈ ಮಾನಕದ ಕೈ ತಲುಪುವುದಿಲ್ಲ.

ಇದು ಹುಟ್ಟಿದ ಸಂದರ್ಭವನ್ನು ತಿಳಿದರೆ ಇದರ ಗುಣವೂ ಮಿತಿಯೂ ಅರ್ಥವಾಗುತ್ತವೆ. 1970ರ ದಶಕದ ಕೊನೆಯಲ್ಲಿ ಯುರೋಪಿನ ವಿಮಾನಯಾನ ಸಂಸ್ಥೆಗಳ ಸಂಘವು, ತಯಾರಕರು ಕಳುಹಿಸುವ ನಿರ್ವಹಣಾ ಕೈಪಿಡಿಗಳನ್ನು ಇಂಗ್ಲಿಷ್ ಮಾತೃಭಾಷೆಯಲ್ಲದ ಸಿಬ್ಬಂದಿ ಸುಲಭವಾಗಿ ಓದಲಾಗುತ್ತಿಲ್ಲ ಎಂಬ ಪ್ರಶ್ನೆಯನ್ನು ಉದ್ಯಮದ ಮುಂದಿಟ್ಟಿತು. ಆಗ ಎಇಸಿಎಂಎ ಎಂದು ಕರೆಯಲಾಗುತ್ತಿದ್ದ ತಯಾರಕರ ಒಕ್ಕೂಟ ಈ ಕೆಲಸವನ್ನು ಕೈಗೆತ್ತಿಕೊಂಡಿತು. ಅಮೆರಿಕದ ಉದ್ಯಮ ಸಂಘವೂ ಕೈಜೋಡಿಸಿತು. 1986ರಲ್ಲಿ ಮೊದಲ ಮಾರ್ಗದರ್ಶಿ ಪ್ರಕಟವಾಯಿತು. ಮುಂದೆ ಒಕ್ಕೂಟಗಳು ವಿಲೀನಗೊಂಡು ಎಎಸ್‌ಡಿ ಆದ ಮೇಲೆ, 2005ರಲ್ಲಿ ಈಗಿನ ಹೆಸರು ಬಂದಿತು. ಬಳಕೆದಾರರೇ ದೂರು ಕೊಟ್ಟು ಹುಟ್ಟಿಸಿದ ಮಾನಕ ಇದು ಎಂಬುದನ್ನು ನಾನು ಗೌರವದಿಂದ ನೆನೆಯುತ್ತೇನೆ, ಏಕೆಂದರೆ ನಮ್ಮ ಸುತ್ತಲಿನ ಬಹುತೇಕ ಕಾರ್ಯವಿಧಾನಗಳನ್ನು ಬರೆಯುವವರು ಓದುವವರ ಮುಖವನ್ನೇ ಕಂಡಿರುವುದಿಲ್ಲ. ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ಪರವಾನಗಿಗಾಗಿ ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದು ಗೆದ್ದ ನಮ್ಮ ಹುಡುಗರು, ನಡುರಾತ್ರಿ ಎರಡು ಗಂಟೆಗೆ ರೆಕ್ಕೆಯ ಕೆಳಗೆ ಟಾರ್ಚ್ ಹಿಡಿದು ಓದುವಾಗಲೂ ಅದೇ ಇಂಗ್ಲಿಷನ್ನೇ ಓದಬೇಕು. ಆ ಹೊತ್ತಿನಲ್ಲಿ ಭಾಷೆಯ ಸೊಗಸು ಯಾರಿಗೂ ಬೇಕಿಲ್ಲ.

ಮಾನಕದಲ್ಲಿ ಎರಡು ಭಾಗಗಳಿವೆ. ಮೊದಲನೆಯದು 9 ವಿಭಾಗಗಳಲ್ಲಿ ಹಂಚಿದ 53 ಬರವಣಿಗೆಯ ನಿಯಮಗಳು. ಎರಡನೆಯದು ಸುಮಾರು 900 ಅನುಮೋದಿತ ಪದಗಳ ನಿಘಂಟು. ಪುಟಗಳ ಬಹುಪಾಲನ್ನು ನಿಘಂಟೇ ತೆಗೆದುಕೊಳ್ಳುತ್ತದೆ. ಒಂದು ಪದಕ್ಕೆ ಒಂದೇ ಅರ್ಥ ಮತ್ತು ಒಂದೇ ವ್ಯಾಕರಣ ಪಾತ್ರ ಎಂಬುದು ಅದರ ಮೂಲ ತತ್ವ. ಕೆಲಸ ಆರಂಭಿಸಲು ಇಂಗ್ಲಿಷಿನಲ್ಲಿ ನಾಲ್ಕಾರು ಕ್ರಿಯಾಪದಗಳಿದ್ದರೂ ಇಲ್ಲಿ ಒಪ್ಪಿಗೆ ಇರುವುದು ‘ಸ್ಟಾರ್ಟ್’ ಒಂದಕ್ಕೇ. ಒಪ್ಪಿಗೆಯಿಲ್ಲದ ಪದವನ್ನು ಹುಡುಕಿದರೆ ಅದರ ಬದಲಿಗೆ ಏನು ಬಳಸಬೇಕು ಎಂಬ ಸಲಹೆಯೂ, ತಪ್ಪು ವಾಕ್ಯ ಮತ್ತು ಸರಿ ವಾಕ್ಯಗಳ ಮಾದರಿಯೂ ಅಕ್ಕಪಕ್ಕದಲ್ಲೇ ಇರುತ್ತವೆ. ಈ ಅಕ್ಕಪಕ್ಕದ ಮಾದರಿಗಳೇ ಪುಸ್ತಕದ ಅತ್ಯಂತ ಉಪಯುಕ್ತ ಭಾಗ ಎಂದು ನನ್ನ ಅಭಿಪ್ರಾಯ. ನಿಯಮಗಳನ್ನು ಬಾಯಿಪಾಠ ಮಾಡಿದವರಿಗಿಂತ ಈ ಮಾದರಿಗಳನ್ನು ಓದಿ ಕಿವಿ ಪಳಗಿಸಿಕೊಂಡವರು ಬೇಗ ಕಲಿಯುತ್ತಾರೆ.

ನಿಯಮಗಳಲ್ಲಿ ಹ್ಯಾಂಗರ್‌ನ ಮಟ್ಟಿಗೆ ನಿಜವಾಗಿ ಫಲ ಕೊಡುವವು ಕೆಲವೇ. ಕೆಲಸದ ಸೂಚನೆ 20 ಪದ ಮೀರಬಾರದು. ವಿವರಣೆಯ ವಾಕ್ಯ 25 ಪದ ಮೀರಬಾರದು. ಒಂದು ವಾಕ್ಯದಲ್ಲಿ ಒಂದೇ ಸೂಚನೆ ಇರಬೇಕು. ಏಕಕಾಲದಲ್ಲಿ ಮಾಡಲೇಬೇಕಾದ ಎರಡು ಕೆಲಸಗಳಿಗೆ ಮಾತ್ರ ವಿನಾಯಿತಿ. ಷರತ್ತು ಇದ್ದರೆ ಅದು ಮೊದಲು ಬರಬೇಕು, ಕ್ರಿಯೆ ಆಮೇಲೆ. ನಾಮಪದಗಳನ್ನು ಮೂರಕ್ಕಿಂತ ಹೆಚ್ಚಾಗಿ ಪೋಣಿಸಬಾರದು. ಸೂಚನೆಯನ್ನು ಆಜ್ಞಾರ್ಥದಲ್ಲೇ ಕೊಡಬೇಕು. ಮನುಷ್ಯರಿಗೆ ಅಪಾಯವಿದ್ದರೆ ಒಂದು ಬಗೆಯ ಎಚ್ಚರಿಕೆ, ಯಂತ್ರಕ್ಕೆ ಹಾನಿಯಿದ್ದರೆ ಇನ್ನೊಂದು ಬಗೆಯದು. ಎರಡೂ ನೇರ ಆಜ್ಞೆಯಿಂದ ಇಲ್ಲವೇ ಷರತ್ತಿನಿಂದ ಆರಂಭವಾಗಬೇಕು.

ಈ ನಿಯಮಗಳ ಹಿಂದಿನ ತರ್ಕಕ್ಕೆ ಭಾಷೆಯ ಗಡಿಯಿಲ್ಲ. ಕನ್ನಡದಲ್ಲೇ ಒಂದು ಸೂಚನೆಯನ್ನು ಕಲ್ಪಿಸಿಕೊಳ್ಳೋಣ: ‘ಮುಚ್ಚಳದ ಬೋಲ್ಟ್‌ಗಳನ್ನು ಬಿಗಿಗೊಳಿಸುವ ಮುನ್ನ ಸೀಲ್ ಪರೀಕ್ಷಿಸಿ ಹಾನಿಯಾಗಿದ್ದಲ್ಲಿ ಬದಲಿಸಿ ಮೇಲ್ವಿಚಾರಕರಿಗೆ ತಿಳಿಸತಕ್ಕದ್ದು.’ ಬದಲಿಸಬೇಕಾದದ್ದು ಸೀಲನ್ನೋ, ಬೋಲ್ಟ್‌ಗಳನ್ನೋ, ಎರಡನ್ನೂವೋ? ಹಾನಿಯಿಲ್ಲದಿದ್ದರೂ ಮೇಲ್ವಿಚಾರಕರಿಗೆ ತಿಳಿಸಬೇಕೋ? ತಿಳಿಸಿ ಅನುಮತಿ ಪಡೆದು ಬಿಗಿಗೊಳಿಸಬೇಕೋ, ಬಿಗಿಗೊಳಿಸಿ ತಿಳಿಸಬೇಕೋ? ಮಾನಕದ ದಾರಿಯಲ್ಲಿ ಇದು ಹೀಗೆ ಒಡೆಯುತ್ತದೆ: ‘ಸೀಲ್ ಪರೀಕ್ಷಿಸಿ. ಸೀಲ್‌ಗೆ ಹಾನಿಯಾಗಿದ್ದರೆ, ಸೀಲ್ ಬದಲಿಸಿ. ಸೀಲ್ ಬದಲಿಸಿದರೆ, ಮೇಲ್ವಿಚಾರಕರಿಗೆ ತಿಳಿಸಿ. ಬೋಲ್ಟ್‌ಗಳನ್ನು ಬಿಗಿಗೊಳಿಸಿ.’ ಸೀಲ್ ಎಂಬ ಮಾತು ಮತ್ತೆ ಮತ್ತೆ ಬರುವುದರಿಂದ ಕಿವಿಗೆ ಹಿತವಿಲ್ಲ, ನಿಜ. ಆದರೆ ಒಡೆಯುವ ಕೆಲಸಕ್ಕೆ ಕುಳಿತ ಬರಹಗಾರರಿಗೆ ತಮಗೇ ಉತ್ತರ ಗೊತ್ತಿಲ್ಲದ ಪ್ರಶ್ನೆಗಳು ಎದುರಾಗುತ್ತವೆ, ವಿನ್ಯಾಸ ವಿಭಾಗಕ್ಕೆ ಫೋನ್ ಮಾಡಿ ಕೇಳಲೇಬೇಕಾಗುತ್ತದೆ. ಈ ಮಾನಕದ ದೊಡ್ಡ ಉಪಕಾರ ಇದೇ ಎಂದು ನಾನು ನಂಬುತ್ತೇನೆ: ಉದ್ದ ವಾಕ್ಯದಲ್ಲಿ ಅಡಗಿಕೊಳ್ಳುತ್ತಿದ್ದ ಅಜ್ಞಾನವನ್ನು ಅದು ಬರೆಯುವ ಮೇಜಿನ ಮೇಲೇ ಹೊರಗೆಳೆಯುತ್ತದೆ. ಇಲ್ಲವಾದರೆ ಅದೇ ಪ್ರಶ್ನೆಯನ್ನು ಮೆಕ್ಯಾನಿಕ್ ಒಬ್ಬರೇ, ಕೇಳಲು ಯಾರೂ ಇಲ್ಲದ ಹೊತ್ತಿನಲ್ಲಿ, ತಮಗೆ ತೋಚಿದಂತೆ ಬಗೆಹರಿಸಿಕೊಳ್ಳಬೇಕಾಗುತ್ತದೆ.

1990ರ ದಶಕದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ಸಂಶೋಧಕರು ಇಂತಹ ಸರಳೀಕೃತ ಇಂಗ್ಲಿಷಿನ ಕಾರ್ಯವಿಧಾನಗಳನ್ನು ಓದಿಸಿ ಪರೀಕ್ಷಿಸಿದ್ದರು. ಕಷ್ಟದ ಪಠ್ಯಗಳಲ್ಲಿ ಮತ್ತು ಇಂಗ್ಲಿಷ್ ಮಾತೃಭಾಷೆಯಲ್ಲದ ಓದುಗರಲ್ಲಿ ಗ್ರಹಿಕೆ ಸುಧಾರಿಸಿದ್ದು ಕಂಡುಬಂದಿತು. ಆದ್ದರಿಂದ ಉಪಯೋಗವಿದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಾಗಿದೆ. ನಡೆದು ಹೋದ ಅವಘಡಗಳ ಮುಂದೆ ನಿಲ್ಲಿಸಿದಾಗ ಇದು ಎಷ್ಟನ್ನು ತಡೆಯುತ್ತಿತ್ತು ಎಂಬುದು ಅದಕ್ಕಿಂತ ಕಠಿಣವಾದ ಪರೀಕ್ಷೆ.

ಮೊದಲನೆಯದು 2020ರ ಫೆಬ್ರವರಿ 26ರಂದು ಲಂಡನ್ನಿನ ಗ್ಯಾಟ್ವಿಕ್‌ನಿಂದ ಹೊರಟ ಏರ್‌ಬಸ್ ಎ321 ವಿಮಾನದ್ದು. ನೆಲ ಬಿಟ್ಟ ಸ್ವಲ್ಪದರಲ್ಲೇ ಎಂಜಿನ್ ತೊಂದರೆ ಕೊಟ್ಟಿತು; ವಿಮಾನ ತಿರುಗಿ ಬಂದು ಸುರಕ್ಷಿತವಾಗಿ ಇಳಿಯಿತು. ಇಂಧನ ಟ್ಯಾಂಕಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳನ್ನು ಕೊಲ್ಲಲು ಹಾಕುವ ಕೇಥಾನ್ ಎಂಬ ರಾಸಾಯನಿಕವನ್ನು ನಿಗದಿತ ಪ್ರಮಾಣದ 38 ಪಟ್ಟು ಹಾಕಲಾಗಿತ್ತು ಎಂದು ಬ್ರಿಟನ್ನಿನ ವಿಮಾನ ಅಪಘಾತ ತನಿಖಾ ಶಾಖೆ ಕಂಡುಕೊಂಡಿತು. ನಿರ್ವಹಣಾ ಕೈಪಿಡಿ ಪ್ರಮಾಣವನ್ನು ಪಿಪಿಎಂ ಲೆಕ್ಕದಲ್ಲಿ, ಅಂದರೆ ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ ಎಂದು ಕೊಟ್ಟಿತ್ತು. ಆ ಅಳತೆ ಎಂಜಿನಿಯರ್‌ಗೆ ಪರಿಚಿತವಾಗಿರಲಿಲ್ಲ. ಟ್ಯಾಂಕಿನಲ್ಲಿರುವ ಇಂಧನದ ತೂಕದಿಂದ ಕೇಥಾನ್‌ನ ತೂಕಕ್ಕೆ ಹೇಗೆ ಬರಬೇಕು ಎಂಬುದನ್ನು ನಂಬಿಕೆಯಿಂದ ಲೆಕ್ಕ ಹಾಕಲು ಸಾಕಾಗುವಷ್ಟು ಮಾಹಿತಿ ಕೈಪಿಡಿಯಲ್ಲಿ ಇರಲಿಲ್ಲ ಎಂದು ತನಿಖಾಧಿಕಾರಿಗಳು ಸ್ಪಷ್ಟವಾಗಿ ಬರೆದರು.

ಈ ಪ್ರಕರಣದಲ್ಲಿ ನಮ್ಮ ಮಾನಕ ಏನು ಮಾಡುತ್ತಿತ್ತು? ಹೆಚ್ಚೇನೂ ಇಲ್ಲ. ಅಳತೆಯ ಘಟಕಗಳು ತಾಂತ್ರಿಕ ಹೆಸರುಗಳ ಗುಂಪಿಗೆ ಸೇರುತ್ತವೆ, ನಿಘಂಟಿನ ಕಟ್ಟುಪಾಡು ಅವುಗಳಿಗೆ ಇಲ್ಲ. ಪಿಪಿಎಂ ಎಂದು ಬರೆದ ಚುಟುಕು ವಾಕ್ಯ ಎಲ್ಲ ನಿಯಮಗಳಲ್ಲೂ ಉತ್ತೀರ್ಣವಾಗುತ್ತದೆ. ಅಲ್ಲಿ ಬೇಕಾಗಿದ್ದದ್ದು ಇಷ್ಟು ಇಂಧನಕ್ಕೆ ಇಷ್ಟು ರಾಸಾಯನಿಕ ಎಂಬ ಒಂದು ಕೋಷ್ಟಕ, ಅಥವಾ ಕೊನೆಯ ಪಕ್ಷ ಬಿಡಿಸಿ ತೋರಿಸಿದ ಒಂದು ಲೆಕ್ಕ. ಓದುವವರು ತಾವೇ ಗುಣಿಸಿ ಭಾಗಿಸಬೇಕಾದ ಸಂಖ್ಯೆಯನ್ನು ಕೊಡಬೇಡಿ ಎಂಬ ನಿಯಮ ಈ ಮಾನಕದಲ್ಲಿ ಇರಬೇಕಿತ್ತು.

ಎರಡನೆಯದು ಇನ್ನಷ್ಟು ನೋವಿನದು. 2003ರ ಆಗಸ್ಟ್ 26ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹಯಾನಿಸ್‌ನಿಂದ ಹೊರಟ ಬೀಚ್ 1900ಡಿ ವಿಮಾನ ಸಮುದ್ರಕ್ಕೆ ಬಿದ್ದು, ಅದರಲ್ಲಿದ್ದ ಪೈಲಟ್‌ಗಳಿಬ್ಬರೂ ಸತ್ತರು. ಅದು ನಿರ್ವಹಣೆಯ ನಂತರದ ಮೊದಲ ಹಾರಾಟವಾಗಿತ್ತು. ವಿಮಾನದ ಮೂತಿಯನ್ನು ಏರಿಳಿಸುವ ಎಲಿವೇಟರ್‌ನ ಟ್ರಿಮ್ (ಮೂತಿಯನ್ನು ಬೇಕಾದ ಮಟ್ಟದಲ್ಲಿ ನಿಲ್ಲಿಸುವ ಹೊಂದಾಣಿಕೆ) ಕೇಬಲನ್ನು ಬದಲಿಸುವಾಗ ಅದು ಉಲ್ಟಾ ಜೋಡಣೆಯಾಗಿತ್ತು. ಪೈಲಟ್ ಮೂತಿ ಎತ್ತಲೆಂದು ಟ್ರಿಮ್ ತಿರುಗಿಸಿದರೆ ಅದು ಇಳಿಯುತ್ತಿತ್ತು. ಜೋಡಣೆಯ ನಂತರ ಮಾಡಬೇಕಾದ ಪರೀಕ್ಷೆಯೂ ಸರಿಯಾಗಿ ನಡೆದಿರಲಿಲ್ಲ, ಹಾರುವ ಮುನ್ನ ಪೈಲಟ್‌ಗಳು ಚೆಕ್‌ಲಿಸ್ಟನ್ನು ಪಾಲಿಸಿರಲಿಲ್ಲ. ಇವುಗಳ ಜೊತೆಗೆ, ತಯಾರಕರ ಕೈಪಿಡಿಯಲ್ಲಿ ಟ್ರಿಮ್ ಡ್ರಮ್ಮಿನ ಚಿತ್ರವೇ ತಪ್ಪಾಗಿತ್ತು ಎಂಬುದನ್ನೂ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಅಪಘಾತದ ಕಾರಣಗಳ ಪಟ್ಟಿಯಲ್ಲಿ ಸೇರಿಸಿತು. ಕೇಬಲ್ ಸುತ್ತುವ ಕೆಲಸದಲ್ಲಿ ಯಾರೂ ವಾಕ್ಯವನ್ನು ನೆಚ್ಚಿಕೊಳ್ಳುವುದಿಲ್ಲ, ಕಣ್ಣು ಚಿತ್ರದ ಮೇಲೇ ಇರುತ್ತದೆ. ಚಿತ್ರಗಳ ಬಗ್ಗೆ ಎಸ್‌ಟಿಇ100 ಹೇಳಲು ಹೊರಟಿಲ್ಲ. ಅದು ಭಾಷೆಯ ಮಾನಕ, ಅಷ್ಟೇ. ಈ ಕಾರಣಕ್ಕೆ ಅದನ್ನು ದೂರುವುದು ನ್ಯಾಯವಲ್ಲ. ಆದರೆ ಕೈಪಿಡಿ ಎಸ್‌ಟಿಇಗೆ ಬದ್ಧವಾಗಿದೆ ಎಂಬ ಪ್ರಮಾಣಪತ್ರ ನೋಡಿ ಸಮಾಧಾನಪಡುವ ವ್ಯವಸ್ಥಾಪಕರು ಈ ಪ್ರಕರಣವನ್ನು ಓದಬೇಕು.

ಅದೇ ವರ್ಷದ ಜನವರಿ 8ರಂದು, ಅದೇ ಮಾದರಿಯ ಇನ್ನೊಂದು ವಿಮಾನ ಉತ್ತರ ಕೆರೊಲಿನಾದ ಶಾರ್ಲಟ್‌ನಲ್ಲಿ ಏರುವಾಗಲೇ ಬಿದ್ದು 21 ಮಂದಿ ಸತ್ತಿದ್ದರು. ಕಾರ್ಯವಿಧಾನದ ರಚನೆ ಎಂದರೇನು ಎಂಬುದನ್ನು ಇಷ್ಟು ಚೆನ್ನಾಗಿ ಕಲಿಸುವ ಇನ್ನೊಂದು ವರದಿಯನ್ನು ನಾನು ಓದಿಲ್ಲ. ಎರಡು ರಾತ್ರಿ ಮೊದಲು ಎಲಿವೇಟರ್ ಕೇಬಲ್‌ನ ಬಿಗಿತವನ್ನು ಹೊಂದಿಸುವ ಕೆಲಸ ನಡೆದಿತ್ತು. ಆ ಮಾದರಿಯ ವಿಮಾನದಲ್ಲಿ ಆ ಕೆಲಸವನ್ನು ಮೆಕ್ಯಾನಿಕ್ ಮಾಡುತ್ತಿದ್ದದ್ದು ಅದೇ ಮೊದಲು. ಕೈಪಿಡಿಯಲ್ಲಿ ಬಿಗಿತ ಹೊಂದಿಸುವುದಕ್ಕೆಂದೇ ಪ್ರತ್ಯೇಕ ವಿಧಾನ ಇರಲಿಲ್ಲ. ಇಡೀ ಎಲಿವೇಟರ್ ವ್ಯವಸ್ಥೆಯನ್ನು ಹೊಂದಿಸುವ ಉದ್ದನೆಯ ವಿಧಾನದೊಳಗೆ ಅದು ಒಂದು ಭಾಗವಾಗಿ ಸೇರಿಕೊಂಡಿತ್ತು. ತಮ್ಮ ಕೆಲಸಕ್ಕೆ ಬೇಕೆನಿಸಿದ ಹಂತಗಳನ್ನು ಮಾಡಿ, ಬೇಡವೆನಿಸಿದವನ್ನು ಮೆಕ್ಯಾನಿಕ್ ಬಿಟ್ಟರು. ತಪಾಸಕರೂ ಅದಕ್ಕೆ ಒಪ್ಪಿದ್ದರು. ಬಿಟ್ಟುಹೋದ ಹಂತಗಳಲ್ಲಿ, ಎಲಿವೇಟರ್ ಪೂರ್ತಿ ಕೆಳಗೆ ಚಲಿಸುತ್ತಿಲ್ಲ ಎಂಬುದನ್ನು ತೋರಿಸಿಕೊಡಬಹುದಾಗಿದ್ದ ಹಂತವೂ ಇತ್ತು. ವಿಮಾನದ ಹಿಂಭಾಗ ಮಿತಿ ಮೀರಿ ಭಾರವಾಗಿದ್ದ ದಿನ, ಮೂತಿ ಇಳಿಸಲು ಬೇಕಾದಷ್ಟು ಚಲನೆ ಪೈಲಟ್‌ಗಳ ಕೈಗೆ ಸಿಗಲಿಲ್ಲ.

ಹಂತಗಳನ್ನು ಬಿಟ್ಟವರದೇ ತಪ್ಪು ಎಂದು ಹೇಳಿ ಪುಟ ತಿರುವುವುದು ಸುಲಭ. ಆದರೆ ಉದ್ದ ವಿಧಾನದ ಒಂದು ತುಂಡು ಮಾತ್ರ ಬೇಕಾದವರು ಎಲ್ಲಿ ಒಳಹೊಕ್ಕು ಎಲ್ಲಿ ಹೊರಬರಬೇಕು, ಯಾವ ಹಂತವನ್ನು ಯಾವ ಕಾರಣಕ್ಕೂ ಬಿಡಬಾರದು ಎಂಬುದನ್ನು ಕೈಪಿಡಿ ಹೇಳದಿದ್ದರೆ, ಆ ತೀರ್ಮಾನವನ್ನು ಅದು ಓದುಗರ ಹೆಗಲಿಗೇ ವರ್ಗಾಯಿಸಿರುತ್ತದೆ. ಪ್ರತಿ ನಿರ್ಣಾಯಕ ನಿಯಂತ್ರಣ ವ್ಯವಸ್ಥೆಗೂ ಕೆಲಸದ ಕೊನೆಯಲ್ಲಿ ಮಾಡಬೇಕಾದ ಪೂರ್ಣ ಪರೀಕ್ಷೆಯನ್ನು ಗುರುತಿಸಿ ಕೈಪಿಡಿಗಳಲ್ಲಿ ಸೇರಿಸಬೇಕು ಎಂದು ಮಂಡಳಿ ಆ ಬಳಿಕ ಶಿಫಾರಸು ಮಾಡಿತು. ಎಸ್‌ಟಿಇ100 ಪ್ರಕಾರ ಆ ಉದ್ದನೆಯ ವಿಧಾನವನ್ನು ತಿದ್ದಿ ಬರೆದಿದ್ದರೆ ಪ್ರತಿ ವಾಕ್ಯವೂ ಚಿಕ್ಕದಾಗುತ್ತಿತ್ತು, ಹಂತಗಳ ಸಂಖ್ಯೆ ಇನ್ನೂ ಹೆಚ್ಚುತ್ತಿತ್ತು. ಬಿಡಬಹುದಾದ ಹಂತಗಳು ಯಾವುವು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತಿತ್ತು.

ಇರಬೇಕಾದ ವಾಕ್ಯವೇ ಇಲ್ಲದಿರುವುದು ಇನ್ನೊಂದು ಬಗೆಯ ಕೊರತೆ. 2005ರ ಆಗಸ್ಟ್ 14ರಂದು ಗ್ರೀಸ್‌ನಲ್ಲಿ 121 ಮಂದಿಯೊಂದಿಗೆ ಪತನವಾದ ಹೀಲಿಯೋಸ್ ಸಂಸ್ಥೆಯ ಬೋಯಿಂಗ್ 737ರಲ್ಲಿ, ಎತ್ತರದಲ್ಲಿ ಉಸಿರಾಡಲು ಬೇಕಾದ ಗಾಳಿಯ ಒತ್ತಡವನ್ನು ಒಳಗೆ ಕಾಯುವ ಕ್ಯಾಬಿನ್ ಒತ್ತಡದ ಸ್ವಿಚ್ ಸ್ವಯಂಚಾಲಿತ ಸ್ಥಾನದಲ್ಲಿರದೆ ಮ್ಯಾನ್ಯುಯಲ್ ಸ್ಥಾನದಲ್ಲಿತ್ತು. ಹಿಂದಿನ ರಾತ್ರಿಯ ಹಾರಾಟದಲ್ಲಿ ಬಾಗಿಲಿನ ಸೀಲಿನ ಬಗ್ಗೆ ಬಂದ ದೂರಿನ ಕಾರಣ ಒತ್ತಡ ಸೋರಿಕೆಯ ಪರೀಕ್ಷೆ ನಡೆದಿತ್ತು, ಆ ಪರೀಕ್ಷೆಗೆ ಸ್ವಿಚ್ಚನ್ನು ಮ್ಯಾನ್ಯುಯಲ್‌ಗೆ ತಿರುಗಿಸಲೇಬೇಕಿತ್ತು. ಅದನ್ನು ಮರಳಿ ತಿರುಗಿಸದಿದ್ದದ್ದು ವಿಧಿಬದ್ಧವಾದ ಲೋಪವಲ್ಲ, ಆದರೆ ತಿರುಗಿಸಿದ್ದರೆ ವಿವೇಕದ ಕೆಲಸವಾಗುತ್ತಿತ್ತು ಎಂಬ ಅರ್ಥದ ಮಾತು ಗ್ರೀಕ್ ತನಿಖಾ ವರದಿಯಲ್ಲಿದೆ. ಪೈಲಟ್‌ಗಳೂ ತಮ್ಮ ಚೆಕ್‌ಲಿಸ್ಟ್‌ಗಳಲ್ಲಿ ಅದನ್ನು ಗಮನಿಸದೇ ಹೋದರು, ಮುಖ್ಯ ಹೊಣೆ ಅಲ್ಲೇ ಇದೆ ಎಂಬುದೂ ನಿಜ. ಹಾಗಿದ್ದರೂ, ಒಂದು ಸ್ವಿಚ್ಚನ್ನು ತಿರುಗಿಸಿ ಎಂದು ಹೇಳಿದ ವಿಧಾನ ಅದನ್ನು ಮರಳಿಸಿ ಎಂದು ಹೇಳದೆ ಮುಗಿಯಬಾರದು.

ಪೋರ್ಚುಗಲ್‌ನ ಅಲ್ವೆರ್ಕಾದಲ್ಲಿ 2018ರ ನವೆಂಬರ್ 11ರಂದು ನಡೆದದ್ದನ್ನೂ ಸಂಕ್ಷೇಪವಾಗಿ ಹೇಳಬೇಕು. ದೊಡ್ಡ ನಿರ್ವಹಣೆ ಮುಗಿಸಿ ಹೊರಟ ಏರ್ ಅಸ್ತಾನಾದ ಎಂಬ್ರೇಯರ್ 190 ವಿಮಾನದಲ್ಲಿ, ಅದನ್ನು ಎಡಬಲಕ್ಕೆ ವಾಲಿಸುವ ರೆಕ್ಕೆಯ ಪಟ್ಟಿಗಳಾದ ಐಲರಾನ್‌ಗಳ ಕೇಬಲ್‌ಗಳು ಅದಲುಬದಲಾಗಿದ್ದವು. ಒಳಗಿದ್ದ ಆರು ಮಂದಿ ಬಹಳ ಹೊತ್ತು ಸಾವಿನೊಡನೆ ಸೆಣಸಿ, ವಾಯುಪಡೆಯ ಎಫ್-16 ವಿಮಾನಗಳ ಬೆಂಗಾವಲಿನಲ್ಲಿ ಬೇಜಾದಲ್ಲಿ ಇಳಿದರು. ಸರ್ವಿಸ್ ಬುಲೆಟಿನ್ ಮತ್ತು ಕೈಪಿಡಿಯ ಸೂಚನೆಗಳನ್ನು ಅರ್ಥೈಸಿಕೊಳ್ಳುವುದು ಕಷ್ಟವಾಗಿತ್ತು ಎಂಬುದು ಅಲ್ಲಿಯ ತನಿಖೆ ಎತ್ತಿದ ಅಂಶಗಳಲ್ಲಿ ಒಂದು. ಎರಡು ದಾಖಲೆಗಳನ್ನು ಒಟ್ಟಿಗೆ ಹಿಡಿದು ಓದಬೇಕಾದಾಗ, ಪ್ರತಿಯೊಂದೂ ತನ್ನಷ್ಟಕ್ಕೆ ಸ್ಪಷ್ಟವಾಗಿದ್ದರೂ ಗೊಂದಲ ಹುಟ್ಟಬಹುದು.

ಇಷ್ಟನ್ನೂ ಎದುರಿಗಿಟ್ಟುಕೊಂಡು ಮಾನಕದ ಒಳಗಿನ ಕೊರತೆಗಳಿಗೆ ಬರುತ್ತೇನೆ. ತಾಂತ್ರಿಕ ಹೆಸರುಗಳು ಮತ್ತು ತಾಂತ್ರಿಕ ಕ್ರಿಯಾಪದಗಳ ಪಟ್ಟಿಯನ್ನು ಪ್ರತಿ ಸಂಸ್ಥೆಯೂ ತನಗೆ ಬೇಕಾದಂತೆ ಬೆಳೆಸಿಕೊಳ್ಳಬಹುದು. ಇದು ಅನಿವಾರ್ಯ, ಏಕೆಂದರೆ ಪ್ರತಿ ವಿಮಾನದ ಭಾಗಗಳ ಹೆಸರು ಬೇರೆ. ಆದರೆ ಒಂದೇ ಬಿಡಿಭಾಗಕ್ಕೆ ಕೈಪಿಡಿಯಲ್ಲಿ ಒಂದು ಹೆಸರು, ಬಿಡಿಭಾಗಗಳ ಪಟ್ಟಿಯಲ್ಲಿ ಇನ್ನೊಂದು, ಕಾಕ್‌ಪಿಟ್‌ನ ಫಲಕದ ಮೇಲೆ ಮೂರನೆಯದು ಇರುವ ರೋಗ ಈ ಬಾಗಿಲಿನಿಂದಲೇ ಒಳಬರುತ್ತದೆ. ನಿಘಂಟಿನ ಕೆಲವು ಕಟ್ಟುಪಾಡುಗಳು ವಾಕ್ಯವನ್ನು ವೃಥಾ ತಿರುಚುತ್ತವೆ: ‘ಚೆಕ್’ ಅನ್ನು ನಾಮಪದವಾಗಿ ಮಾತ್ರ ಬಳಸಬೇಕಾದ್ದರಿಂದ, ಎಲ್ಲ ಮೆಕ್ಯಾನಿಕ್‌ಗಳ ಬಾಯಲ್ಲಿರುವ ನೇರ ಆಜ್ಞೆಯನ್ನು ಬಿಟ್ಟು ಚೆಕ್ ಒಂದನ್ನು ಮಾಡಿ ಎಂದು ಸುತ್ತಿ ಬಳಸಿ ಬರೆಯಬೇಕಾಗುತ್ತದೆ. ತತ್ವವನ್ನು ಒಪ್ಪುತ್ತೇನೆ, ಈ ನಿದರ್ಶನವನ್ನು ಒಪ್ಪಲಾರೆ.

ನನ್ನನ್ನು ಹೆಚ್ಚು ಕಾಡುವುದು ಬೇರೆಯೇ. ಮಾನಕಕ್ಕೆ ಬದ್ಧತೆಯನ್ನು ಪರೀಕ್ಷಿಸುವ ತಂತ್ರಾಂಶಗಳು ಬಂದ ಮೇಲೆ, ಪರದೆಯ ಮೇಲಿನ ಕೆಂಪು ಗೆರೆಗಳನ್ನು ಅಳಿಸುವುದೇ ಬರವಣಿಗೆ ಎಂಬ ಅಭ್ಯಾಸ ಬೆಳೆದಿದೆ. ತಂತ್ರಾಂಶ ಪದ ಎಣಿಸಬಲ್ಲದು. ಏಣಿಯ ಮೇಲೆ ನಿಂತವರ ಕೈಗೆ ಆ ಬೋಲ್ಟ್ ಎಟುಕುತ್ತದೆಯೇ, ಐದನೆಯ ಹಂತ ಮುಗಿಯುವ ಹೊತ್ತಿಗೆ ಶಿಫ್ಟ್ ಬದಲಾಗುತ್ತದೆಯೇ ಎಂಬುದು ಅದಕ್ಕೆ ತಿಳಿಯದು. ಹತ್ತು ಹಂತಗಳಿಗೆ ಸೇರಿ ಒಂದೇ ಸಹಿಯ ಜಾಗ ಇಟ್ಟಿರುವ ಟಾಸ್ಕ್ ಕಾರ್ಡನ್ನು ಯಾವ ತಂತ್ರಾಂಶವೂ ತಪ್ಪೆನ್ನುವುದಿಲ್ಲ. ಬರೆದ ವಿಧಾನವನ್ನು, ಅದನ್ನು ಹಿಂದೆಂದೂ ಮಾಡಿರದ ಒಬ್ಬ ಮೆಕ್ಯಾನಿಕ್ ಕೈಗೆ ಕೊಟ್ಟು, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಂತು ನೋಡಬೇಕು ಎಂಬುದು ಈ ಮಾನಕದ ಮೊದಲ ಪುಟದಲ್ಲೇ ಇರಬೇಕಿದ್ದ ನಿಯಮ ಎಂದು ನಾನು ದೃಢವಾಗಿ ನಂಬುತ್ತೇನೆ.

ಯಾರು ತರಿಸಿಕೊಳ್ಳಬೇಕು? ತಾಂತ್ರಿಕ ಬರವಣಿಗೆಯನ್ನು ವೃತ್ತಿಯಾಗಿ ಆರಿಸಿಕೊಂಡ ಎಲ್ಲರೂ. ಉಚಿತವಾಗಿ ಸಿಗುವ, ದಶಕಗಳ ಕಾಲ ತಿದ್ದಿಸಿಕೊಂಡು ಬಂದ ಇಂತಹ ಗ್ರಂಥ ಬೇರೆ ಉದ್ಯಮಗಳಲ್ಲಿ ಅಪರೂಪ. ಎಎಂಇ ವಿದ್ಯಾರ್ಥಿಗಳು ನಿಘಂಟನ್ನು ಬಿಟ್ಟು ನಿಯಮಗಳ ಭಾಗವನ್ನಷ್ಟೇ ಓದಿದರೂ ಸಾಕು. ಕೈಪಿಡಿಯ ಯಾವ ವಾಕ್ಯ ತಮ್ಮನ್ನು ದಾರಿ ತಪ್ಪಿಸಬಹುದು ಎಂಬುದನ್ನು ಗುರುತಿಸುವ ಕಣ್ಣು ಬರುತ್ತದೆ, ಗುರುತಿಸಿದ್ದನ್ನು ತಯಾರಕರಿಗೆ ಬರೆದು ತಿಳಿಸುವ ಧೈರ್ಯವೂ ಬರಬೇಕು. ಆಸ್ಪತ್ರೆ, ವಿದ್ಯುತ್ ಸ್ಥಾವರ, ಕಾರ್ಖಾನೆಗಳಲ್ಲಿ ಕಾರ್ಯವಿಧಾನ ಬರೆಯುವವರಿಗೂ ಮೊದಲ ಭಾಗ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಹಳೆಯ ಆವೃತ್ತಿಯ ಪ್ರತಿ ಕೈಯಲ್ಲಿದ್ದವರು ಹೊಸದನ್ನು ತರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಆವೃತ್ತಿಯಿಂದ ಆವೃತ್ತಿಗೆ ನಿಘಂಟಿನ ಪದಗಳೂ ನಿಯಮಗಳೂ ಪರಿಷ್ಕಾರವಾಗುತ್ತವೆ, ಗ್ರಾಹಕರ ಕರಾರಿನಲ್ಲಿ ಯಾವ ಆವೃತ್ತಿ ಬೇಕೆಂದು ಹೆಸರಿಸಿರುವುದೂ ಉಂಟು. ತಿದ್ದುಪಡಿಯ ಸಲಹೆಗಳನ್ನು ಮಾನಕದ ನಿರ್ವಹಣಾ ಗುಂಪು ಬಳಕೆದಾರರಿಂದಲೇ ಸ್ವೀಕರಿಸುತ್ತದೆ. ಸ್ವಿಚ್ ತಿರುಗಿಸಿದ ವಿಧಾನ ಅದನ್ನು ಮರಳಿಸುವ ಹಂತವಿಲ್ಲದೆ ಮುಗಿಯಬಾರದು ಎಂಬುದನ್ನು ಮುಂದಿನ ಆವೃತ್ತಿಗೆ ನಿಯಮವಾಗಿ ಸೂಚಿಸಬೇಕೆಂದು, ಬೆಂಗಳೂರಿನಲ್ಲಿ ಈ ಕೆಲಸ ಮಾಡುತ್ತಿರುವ ಬರಹಗಾರರನ್ನು ನಾನು ಕೇಳಿಕೊಳ್ಳುತ್ತೇನೆ.